ಒರಗಿಕೊಂಡೇ ದುಡಿಯುವ ಚಿಕ್ಕಿ

ಮಕ್ಕಳೇ, ಒಂದು ಕಾಡಿನಲ್ಲಿ ಬಿಸಿನೀರಿನ ಬುಗ್ಗೆಯಿತ್ತು. ಅಕ್ಕಿ ಕಟ್ಟಿ ಇಳಿಬಿಟ್ಟರೆ ಅನ್ನವಾಗಿ ಮೇಲೆ ಬರುವಷ್ಟು ಬಿಸಿ! ಕಪ್ಪೆಗಳು ಅತ್ತ ಸುಳಿಯುತ್ತಿರಲಿಲ್ಲ. ಕಾವಮ್ಮ ಎಂಬ ಸೂಕ್ಷ್ಮಜೀವಿ ಮಾತ್ರ ಅದರಲ್ಲೇ ಹಾಯಾಗಿದ್ದಳು. ಕಣ್ಣಿಗೆ ಕಾಣದಷ್ಟು ಸಣ್ಣವಳು, ಜಂಬ ಮಾತ್ರ ಆನೆಯಷ್ಟು.

ಅವಳ ಒಡಲೊಳಗೆ ಪ್ರೋಟೀನು ತಯಾರಿಸುವ ಯಂತ್ರಗಳಿದ್ದವು. ಬಿಸಿಗೆ ಮೈ ಹರಿದರೆ ತೇಪೆ ಹಾಕಲು ಆ ಪ್ರೋಟೀನೇ ಬೇಕು. ಹೊಸ ಯಂತ್ರ ಸಡಿಲವಾಗದಂತೆ ಬೆಣೆಯಣ್ಣನೆಂಬ ಕೆಲಸಗಾರ ಸುತ್ತಿಗೆಯಿಂದ ಬೆಣೆ ಹೊಡೆಯುತ್ತಿದ್ದ. ದಾರದ ತುಂಡಿನಂಥ ಪುಟ್ಟ ಆರ್‌ಎನ್‌ಎ ಚಿಕ್ಕಿ, ಯಂತ್ರಕ್ಕೆ ಮೈ ಆನಿಸಿ ಬೆಣೆಯ ಜಾಗ ತೋರಿಸುತ್ತಿದ್ದಳು.

ಒಂದು ದಿನ ಕಾವಮ್ಮ ರೇಗಿದಳು. "ಏನೇ ಚಿಕ್ಕಿ, ಅವನು ಬೆವರು ಸುರಿಸ್ತಾನೆ, ನೀನು ಒರಗಿಕೊಂಡು ‘ಇಲ್ಲಿ, ಇಲ್ಲಿ’ ಅಂತೀಯ! ಇದೂ ಒಂದು ಕೆಲಸವೇ? ನಡಿ ಆಚೆ!"

ಚಿಕ್ಕಿ ಸಪ್ಪೆ ಮುಖ ಮಾಡಿಕೊಂಡು ಮೂಲೆ ಸೇರಿದಳು.

ಬೆಣೆಯಣ್ಣ ತಲೆ ಕೆರೆದುಕೊಂಡ. "ಅಮ್ಮಾ, ನನಗೆ ಹೊಡೆಯೋಕೆ ಬರುತ್ತೆ, ಜಾಗ ಗೊತ್ತಾಗಲ್ಲ."

"ಕಣ್ಣಳತೆಗೆ ಹೊಡಿ!"

ಅವನು ಹೊಡೆದ. ಕಾವಮ್ಮ ಎಣಿಸಿ ನೋಡಿ, "ಮೊದಲಿಗಿಂತ ಎರಡು ಬೆಣೆ ಹೆಚ್ಚೇ ಇವೆ!" ಎಂದು ಬೀಗಿದಳು.

ಅಷ್ಟರಲ್ಲಿ ಬುಗ್ಗೆ ತಳದಿಂದ ಕೊತಕೊತ ಕುದಿಯಿತು. ಕಾವಮ್ಮನ ಮೈ ಚರ್ರನೆ ಹರಿಯಿತು. ತೇಪೆ ಬೇಕೆಂದರೆ, ಬೆಣೆಗಳು ಜಾಗ ತಪ್ಪಿ ಕೂತಿದ್ದರಿಂದ ಹೊಸ ಯಂತ್ರಗಳೆಲ್ಲ ಕೀಲು ಕಳಚಿ ಬಿದ್ದಿದ್ದವು. ಅವಳ ಜಂಬವೆಲ್ಲ ಇಳಿದುಹೋಯಿತು. ಇನ್ನು ತಾನು ಉಳಿಯುವುದಿಲ್ಲ ಎಂದು ಹೆದರಿ ಮೂಲೆಯತ್ತ ಕೂಗಿದಳು.

"ಚಿಕ್ಕಿ, ನನ್ನ ತಾಯಿ, ಬಾರೇ!"

ಚಿಕ್ಕಿ ಓಡಿಬಂದು ಯಂತ್ರಕ್ಕೆ ಒರಗಿದಳು. "ಇಲ್ಲಿ ಹೊಡಿ ಅಣ್ಣಾ! ಅಲ್ಲಲ್ಲ, ಕೂದಲೆಳೆಯಷ್ಟು ಈಚೆಗೆ. ಹಾಂ, ಈಗ ಹೊಡಿ!"

ಯಂತ್ರ ಗಟ್ಟಿಯಾಗಿ ನಿಂತಿತು. ಪ್ರೋಟೀನು ಬಂತು, ತೇಪೆ ಬಿತ್ತು. ಕಾವಮ್ಮ ಉಸ್ಸೆಂದು ಉಸಿರು ಬಿಟ್ಟಳು. ಹೋದ ಜೀವ ಬಂದಂತಾಗಿತ್ತು.

"ನನ್ನ ಮೇಲೆ ಕೋಪ ಇಲ್ವೇನೇ?" ಎಂದು ಮೆಲ್ಲಗೆ ಕೇಳಿದಳು.

"ಇದೆ ಅಮ್ಮಾ. ಆದರೆ ಇನ್ನೂ ಎರಡು ಯಂತ್ರ ಬಾಕಿ ಇವೆ. ಅವು ಮುಗಿದ ಮೇಲೆ ಕೋಪ ಮಾಡ್ಕೋತೀನಿ!"

ಕಾವಮ್ಮನಿಗೆ ನಗು ತಡೆಯಲಾಗಲಿಲ್ಲ. "ಒರಗಿಕೋ ಮಗಳೇ, ಬೇಕಾದಷ್ಟು ಒರಗಿಕೋ!" ಎಂದಳು.

ನೀತಿ: ಸುತ್ತಿಗೆಯ ಸದ್ದು ದೊಡ್ಡದೆಂದು, ಸದ್ದಿಲ್ಲದೆ ಜಾಗ ತೋರಿಸುವವರನ್ನು ಕಡೆಗಣಿಸಬಾರದು.