ಟ್ಯಾಪೆಟ್ ಸದ್ದು

ಸನಾವುಲ್ಲಾ ಕೇಳಿದ: "ಗುರುಗಳೇ, ರೇಸ್ ಬೈಕಿನ ಟ್ಯಾಪೆಟ್ ಸದ್ದು ತಾನಾಗಿಯೇ ನಿಂತುಹೋಗಿದೆ. ನಾನು ಕೈಯೇ ಹಾಕಿಲ್ಲ. ಎಂಜಿನ್ ಪಳಗಿತು ಅಂತ ಬಿಟ್ಟುಬಿಡಲೇ, ಇಲ್ಲ ಬಿಚ್ಚಿ ನೋಡಲೇ?"

ವೀರಾಚಾರಿ ಹರಿಹರದಲ್ಲಿ ರೇಸ್ ಎಂಜಿನ್ನುಗಳ ಹೆಡ್, ಅಂದರೆ ವಾಲ್ವುಗಳು ಕೂರುವ ಮೇಲ್ಭಾಗ, ಕಟ್ಟುವವರು. ಸನಾವುಲ್ಲಾ ಅವರ ಕೈಕೆಳಗೆ ಕಲಿತವನು. ಅವರು ಕೈ ಒರೆಸಿಕೊಂಡು ಸ್ಟೂಲಿನ ಮೇಲೆ ಕೂತರು.

"ತಾನಾಗಿಯೇ ನಿಂತಿತೇ? ಅಷ್ಟು ಒಳ್ಳೆಯ ಬುದ್ಧಿ ಎಂಜಿನ್ನಿಗೆ ಎಲ್ಲಿಂದ ಬಂತಪ್ಪಾ! ಕೂತುಕೋ. ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ."

ಒಬ್ಬ ಮೇಸ್ತ್ರಿ ಇದ್ದ. ಅವನಿಗೆ ಒಬ್ಬಳೇ ಮಗಳು. ಅವನು ಎಂಜಿನ್ ಕಟ್ಟುತ್ತಿದ್ದ, ಅವಳು ಅದನ್ನು ರೇಸಿನಲ್ಲಿ ಓಡಿಸುತ್ತಿದ್ದಳು. ತಾಯಿಯಿಲ್ಲದ ಮನೆ, ಆದರೂ ಮಗಳ ಮಾತಿನಿಂದ ಮನೆ ತುಂಬಿರುತ್ತಿತ್ತು. ಗೇರ್ ಹಾಗಿದೆ, ಬ್ರೇಕ್ ಹೀಗಿದೆ, ನೀನು ಮಾಡಿದ ಸಾರಿಗೆ ಉಪ್ಪೇ ಇಲ್ಲ ಎಂದು ಒಂದೇ ಸಮನೆ ವಟಗುಟ್ಟುತ್ತಿದ್ದಳು. ಮೇಸ್ತ್ರಿ ಬಾಯಲ್ಲಿ ಬೈಯುತ್ತಿದ್ದ, ಒಳಗೊಳಗೇ ಹಿಗ್ಗುತ್ತಿದ್ದ.

ಒಂದು ದಿನ ಅವಳು ಅಭ್ಯಾಸ ಮುಗಿಸಿ ಬಂದಳು. ಮೇಸ್ತ್ರಿ ರೂಢಿಯಂತೆ ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿದ್ದ ಎಂಜಿನ್ನಿನ ಹೆಡ್ಡಿಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಂಡ. ಹೊರಗೆ ಸೈಲೆನ್ಸರ್ ಕಿವಿ ಕಿತ್ತುಹೋಗುವಂತೆ ಅರಚುತ್ತಿತ್ತು. ಒಳಗೆ ಟಿಕ್ ಟಿಕ್ ಎನ್ನಬೇಕಾದದ್ದು ಎನ್ನುತ್ತಿರಲಿಲ್ಲ. ಬಾಗಿಲ ಹಿಂದೆ ಯಾರೋ ಉಸಿರು ಬಿಗಿಹಿಡಿದು ನಿಂತ ಹಾಗಿತ್ತು. ಅಲ್ಲಿದ್ದವರು, "ಎಂಥ ಎಂಜಿನ್ ಕಟ್ಟಿದ್ದೀಯಪ್ಪಾ, ಬೆಣ್ಣೆ!" ಎಂದು ಬೆನ್ನು ತಟ್ಟಿದರು. ಮೇಸ್ತ್ರಿ ಮಾತ್ರ ಕೂಡಲೇ ಎಂಜಿನ್ ಆರಿಸಿದ.

ಯಾಕೆಂದು ನಿನಗೆ ಗೊತ್ತಿರಬೇಕಿತ್ತು, ಗೊತ್ತಿದ್ದರೆ ಈ ಪ್ರಶ್ನೆ ಕೇಳುತ್ತಿರಲಿಲ್ಲ. ಎಂಜಿನ್ನಿನ ಬಾಗಿಲಾದ ವಾಲ್ವ್ ಮುಚ್ಚಿಕೊಂಡು, ಸೀಟು ಎಂಬ ತನ್ನ ಲೋಹದ ಬಳೆಯ ಮೇಲೆ ಕೂತಾಗ, ಅದರ ಬಾಲಕ್ಕೂ ಮೇಲಿನಿಂದ ಅದನ್ನು ಒತ್ತುವ ಟ್ಯಾಪೆಟ್ಟಿಗೂ ನಡುವೆ ಕೂದಲೆಳೆಯಷ್ಟು ಸಂದು ಇರಬೇಕು. ಆ ಸಂದಿನದೇ ಸದ್ದು. ಸೀಟು ಸವೆದರೆ ವಾಲ್ವ್ ಹೆಡ್ಡಿನೊಳಕ್ಕೆ ಹೂತುಕೊಳ್ಳುತ್ತದೆ, ಬಾಲ ಮೇಲೇಳುತ್ತದೆ, ಸಂದು ಮುಚ್ಚುತ್ತದೆ. ಸದ್ದು ನಿಲ್ಲುತ್ತದೆ. ಆಮೇಲೆ ವಾಲ್ವಿಗೆ ಪೂರ್ತಿ ಕೂರಲು ಆಗುವುದಿಲ್ಲ. ಕೂರಲಾಗದ ವಾಲ್ವ್ ಸುಟ್ಟು, ತಲೆ ಮುರಿದು ಒಳಗೆ ಬೀಳುತ್ತದೆ. ಓಡುವ ಎಂಜಿನ್ ಥಟ್ಟನೆ ಹಿಡಿದುಕೊಳ್ಳುತ್ತದೆ. ಹಾಗೆ ಹಿಡಿದುಕೊಂಡ ಬೈಕಿನಿಂದ ಹಾರಿಬಿದ್ದ ಒಬ್ಬ ಸವಾರನನ್ನು ಮೇಸ್ತ್ರಿ ಕಣ್ಣಾರೆ ಕಂಡಿದ್ದ. ಆ ಸವಾರ ಮತ್ತೆ ಏಳಲಿಲ್ಲ.

ಮೇಸ್ತ್ರಿ ಹೆಡ್ ಬಿಚ್ಚಿದ. ಮೊನ್ನೆ ಮೊನ್ನೆ ಹಾಕಿದ ಸೀಟು ಗುಳಿಬಿದ್ದಿತ್ತು. ಇನ್ನೂ ಗಟ್ಟಿ ಲೋಹದ ಸೀಟು ಹಾಕಿದ. ಅದೂ ಸವೆಯಿತು. ಸ್ಪ್ರಿಂಗ್ ಸೋತಿರಬೇಕೆಂದು ಸ್ಪ್ರಿಂಗ್ ಬದಲಿಸಿದ. ಪೆಟ್ರೋಲ್ ಕಡಿಮೆಯಾಗಿ ಹೆಡ್ ಕಾಯುತ್ತಿದೆಯೇ ಎಂದು ಕಾರ್ಬುರೇಟರ್ ತಿದ್ದಿದ. ಧೂಳು ಹೋಗುತ್ತಿದೆಯೇ ಎಂದು ಫಿಲ್ಟರ್ ನೋಡಿದ. ಪ್ರತಿ ಸಲವೂ ಹೊಸ ವಾಲ್ವನ್ನೇ ಹಾಕಿದ. ಕೊನೆಯ ಕೆಲಸವನ್ನು ಮಾತ್ರ ಯಾರಿಗೂ ಬಿಡುತ್ತಿರಲಿಲ್ಲ. ವಾಲ್ವಿಗೆ ಅರೆಯುವ ಪೇಸ್ಟು ಬಳಿದು, ಕಡ್ಡಿಗೆ ಅಂಟಿಸಿ, ಕಡ್ಡಿಯನ್ನು ಅಂಗೈಗಳ ನಡುವೆ ಹೊರಳಿಸುತ್ತ ಸೀಟಿನ ಮೇಲೆ ತಿಕ್ಕುತ್ತಿದ್ದ. ಸುತ್ತ ಬೂದು ಬಣ್ಣದ ಉಂಗುರ ಮೂಡುವ ತನಕ ತಿಕ್ಕುತ್ತಿದ್ದ. ಅವನ ಅಪ್ಪನೂ ಹಾಗೇ ಮಾಡುತ್ತಿದ್ದ. ಮಗಳ ಜೀವ ಇದರ ಮೇಲಿದೆಯಲ್ಲ ಎಂದು ಇವನು ಇನ್ನಷ್ಟು ತಿಕ್ಕಿದ.

ಎಂಜಿನ್ ಮತ್ತೆ ಮೌನವಾಯಿತು. ಏನು ಬದಲಿಸಿದರೂ ಅದೇ. ಒಳಗೆ ಏನೋ ಕೂತು ಸೀಟನ್ನು ತಿನ್ನುತ್ತಿದೆ ಅನಿಸತೊಡಗಿತು. ಮೇಸ್ತ್ರಿಗೆ ಹೆದರಿಕೆಯಾಯಿತು. ಹೆದರಿದವನು ಏನು ಮಾಡುತ್ತಾನೆ? ಎದುರಿಗೆ ಸಿಕ್ಕವರನ್ನು ಹಿಡಿದುಕೊಳ್ಳುತ್ತಾನೆ.

"ನೀನೇ ಮೀಟರಿನ ಕೆಂಪು ಗೆರೆ ದಾಟಿಸಿ ಓಡಿಸುತ್ತಿದ್ದೀಯ," ಎಂದ ಮಗಳಿಗೆ. "ವಾಲ್ವ್ ಕುಣಿದು ಸೀಟನ್ನು ಕುಟ್ಟುತ್ತಿದೆ."

"ದೇವರಾಣೆ ಇಲ್ಲಪ್ಪ. ಒಂದು ಸಲವೂ ದಾಟಿಲ್ಲ."

"ಎದುರುತ್ತರ ಬೇರೆ!"

ಅಲ್ಲಿಂದ ಶುರುವಾಯಿತು. ಅವಳು ಆಕ್ಸಿಲರೇಟರ್ ತಿರುವುವುದು ತಪ್ಪು, ಬೈಕಿನ ಮೇಲೆ ಬಗ್ಗುವುದು ತಪ್ಪು, ಬೇರೆ ಸವಾರರ ಜೊತೆ ನಗುವುದು ತಪ್ಪು. ಊಟಕ್ಕೆ ಕೂತರೂ ತಿದ್ದುತ್ತಿದ್ದ. ಮೊದಮೊದಲು ಅವಳು ಜಗಳಕ್ಕೆ ನಿಂತಳು. ಆಮೇಲೆ ಅರ್ಧ ಮಾತಿಗೇ ನಿಲ್ಲಿಸಿದಳು. ಆಮೇಲೆ ಎಲ್ಲದಕ್ಕೂ, "ಆಯ್ತಪ್ಪ." ಸದ್ಯ, ಬುದ್ಧಿ ಬಂತು ಎಂದುಕೊಂಡ ಮೇಸ್ತ್ರಿ. ಅಕ್ಕಪಕ್ಕದವರೂ, "ಎಷ್ಟು ತಗ್ಗಿ ನಡೆಯುತ್ತಾಳೆ ನಿನ್ನ ಮಗಳು," ಎಂದು ಹೊಗಳಿದರು.

ಮನೆಯಲ್ಲಿ ತಟ್ಟೆ ಸದ್ದು ಮಾಡುವುದು ನಿಂತಿತು. ಬಾಗಿಲು ಕಿರುಗುಡುವುದು ನಿಂತಿತು. ಮೇಸ್ತ್ರಿ ತಿರುಗಿ ನೋಡಿದರೆ ಹಿಂದೆ ಕಾಫಿ ಲೋಟ ಹಿಡಿದು ನಿಂತಿರುತ್ತಿದ್ದಳು. ಯಾವಾಗ ಬಂದಳೋ ಗೊತ್ತಾಗುತ್ತಿರಲಿಲ್ಲ. ಕಾಫಿ ಆರಿರುತ್ತಿತ್ತು. ಒಂದು ಮಧ್ಯಾಹ್ನ, ಮನೆಯಲ್ಲಿ ಯಾರೂ ಇಲ್ಲವೆಂದು ಹೊರಗಿನಿಂದ ಬೀಗ ಹಾಕಿಕೊಂಡು ಅವನು ಪೇಟೆಗೆ ಹೋದ. ಸಂಜೆ ಬಂದು ಬೀಗ ತೆಗೆದರೆ ನಡುಮನೆಯಲ್ಲಿ ಅವಳು ಕೂತಿದ್ದಳು.

"ಅಯ್ಯೋ ಶಿವನೇ! ಇಲ್ಲೇ ಇದ್ದೆಯಾ? ಒಂದು ಸಲ ಕೂಗಬಾರದಿತ್ತೇ?"

"ಆಯ್ತಪ್ಪ," ಎಂದಳು.

ರೇಸು ಹತ್ತಿರವಾಯಿತು. ಎಂಜಿನ್ ಮತ್ತೆ ಸದ್ದಡಗಿ ಕೂತಿತ್ತು. ಮೇಸ್ತ್ರಿ ನಡುಹಗಲ ಬಿಸಿಲಿನಲ್ಲಿ ಒಂದು ಬಟ್ಟೆ ಹಾಸಿ, ಇದುವರೆಗೆ ತೆಗೆದೆಸೆದ ವಾಲ್ವುಗಳನ್ನೆಲ್ಲ ಆಯ್ದು ತಂದು ಸಾಲಾಗಿ ಇಟ್ಟ. ಒಂದೊಂದು ಒಂದೊಂದು ಕಂಪನಿಯದು. ಒಂದೊಂದೂ ಬೇರೆ ಸೀಟಿನ ಮೇಲೆ, ಬೇರೆ ಸ್ಪ್ರಿಂಗಿನ ಕೆಳಗೆ ಓಡಿದ್ದು. ಎಲ್ಲದರ ಮೇಲೂ ಒಂದೇ ಅಗಲದ ಬೂದು ಉಂಗುರ ಇತ್ತು. ಉಂಗುರದ ಮೇಲೆ ಉಗುರು ಎಳೆದ. ಪ್ರತಿಯೊಂದರಲ್ಲೂ ಅಲ್ಲೇ ತಗ್ಗು, ಅಲ್ಲೇ ಉಗುರು ಸಿಕ್ಕಿಕೊಂಡಿತು. ಪೊಟ್ಟಣದಿಂದ ಒಂದು ಹೊಸ ವಾಲ್ವ್ ತೆಗೆದು ಪಕ್ಕದಲ್ಲಿಟ್ಟ. ಅದರ ಮೈಮೇಲೆ ಈರುಳ್ಳಿ ಸಿಪ್ಪೆಗಿಂತ ತೆಳುವಾದ ಕಪ್ಪು ಲೇಪ ಇತ್ತು. ಹಗುರ ಲೋಹದ ರೇಸ್ ವಾಲ್ವಿಗೆ ಆ ಲೇಪವೇ ಕವಚ. ಅದು ಹೋದರೆ ಒಳಗಿನ ಮೆದು ಲೋಹ ಸೀಟಿಗೆ ಅಂಟಿ, ಕಿತ್ತು, ತನ್ನನ್ನೂ ತಿಂದುಕೊಂಡು ಸೀಟನ್ನೂ ತಿನ್ನುತ್ತದೆ. ಅಪ್ಪನ ಕಾಲದ ಉಕ್ಕಿನ ವಾಲ್ವಿಗೆ ತಿಕ್ಕುವುದು ಬೇಕಿತ್ತು. ಇದಕ್ಕೆ ಬೇಡವಾಗಿತ್ತು.

ಸೀಟು, ಸ್ಪ್ರಿಂಗ್, ಪೆಟ್ರೋಲ್ ಎಲ್ಲ ಬದಲಾಗಿತ್ತು. ಬದಲಾಗದೆ ಉಳಿದದ್ದು ತನ್ನ ಕೈಯೊಂದೇ.

ಹೊಸ ಸೀಟು ಕತ್ತರಿಸಿ, ಹೊಸ ವಾಲ್ವನ್ನು ತಿಕ್ಕದೆ ಹಾಗೇ ಕೂರಿಸಿದ. ಮಗಳು ರೇಸು ಓಡಿಸಿದಳು. ಅವನು ಬೇಲಿ ಹಿಡಿದು ನಿಂತು ಕೊನೆಯ ಸುತ್ತಿನವರೆಗೂ ಉಸಿರು ಬಿಡಲಿಲ್ಲ. ಅವಳು ಕೂದಲೂ ಕೊಂಕದೆ ಬಂದಿಳಿದಳು. ಸ್ಕ್ರೂಡ್ರೈವರ್ ಇಟ್ಟು ಕೇಳಿದ. ಟಿಕ್ ಟಿಕ್, ಟಿಕ್ ಟಿಕ್. ಎಂಜಿನ್ ಆರಿದ ಮೇಲೆ ಸಂದು ಅಳೆದ. ಕಟ್ಟುವಾಗ ಇಟ್ಟಿದ್ದಷ್ಟೇ ಇತ್ತು. ಮೇಸ್ತ್ರಿ ಎಲ್ಲರ ಎದುರಿಗೇ ಗಳಗಳ ಅತ್ತುಬಿಟ್ಟ.

"ತಪ್ಪು ನಿನ್ನದಲ್ಲಮ್ಮಾ," ಎಂದ ಮಗಳ ಕೈ ಹಿಡಿದು. "ನನ್ನದು. ಸುಮ್ಮಸುಮ್ಮನೆ ನಿನ್ನನ್ನು ಅಂದೆ. ನೀನೂ ನನ್ನನ್ನು ಬಯ್ಯಿ. ಏನಾದರೂ ಅನ್ನು."

"ಆಯ್ತಪ್ಪ," ಎಂದಳು ಮಗಳು.

ವೀರಾಚಾರಿ ಅಲ್ಲಿಗೆ ನಿಲ್ಲಿಸಿದರು.

ಸನಾವುಲ್ಲಾ ಸ್ಪ್ಯಾನರ್ ಕೈಗೆತ್ತಿಕೊಂಡ. "ಹೆಡ್ ಬಿಚ್ಚುತ್ತೇನೆ ಗುರುಗಳೇ. ಆದರೆ ಆ ಹುಡುಗಿ? ಹೊಸ ವಾಲ್ವ್ ಹಾಕಿದ ಮೇಲೆ ಎಂಜಿನ್ನಿಗೆ ಸದ್ದು ಬಂತಲ್ಲ, ಅವಳೂ ಆಮೇಲೆ ಮಾತಾಡಿದಳು ತಾನೇ?"

"ವಾಲ್ವಾದರೆ ಅಂಗಡಿಯಲ್ಲಿ ಹೊಸದು ಸಿಕ್ಕಿತು, ಅವಳ ಮೇಲಿಂದ ತಿಕ್ಕಿ ತೆಗೆದದ್ದು ಯಾವ ಅಂಗಡಿಯಲ್ಲಿ ಸಿಗುತ್ತದೆ, ನೀನೇ ಹೇಳು."