ಗೂಟಕ್ಕೆ ನೇತುಬಿದ್ದ ಮಣಿ

"ಕೇಳಿರಿ, ಬೆಳಗಲ್ಲಿನ ಜನರೇ! ಅರಮನೆಯ ಮೂರು ಒಗಟು ಬಿಡಿಸಿದವನಿಗೆ ಅರ್ಧ ರಾಜ್ಯ, ಜೊತೆಗೆ ಬೇಡಿದ ಒಂದು ವರ. ತಪ್ಪು ಹೇಳಿದವನ ತಲೆ ಕೋಟೆಯ ಮೇಲೆ!"

ಡಂಗುರದವನು ಹೀಗೆ ಸಾರುತ್ತ ಬಂದರೆ ಜನ ಬಾಗಿಲು ಮುಚ್ಚಿಕೊಂಡರು. ತಲೆಯ ಮಾತು ಸೇರಿಸಿದವನು ದೊರೆ. ಯಾರೂ ಬರದಿದ್ದರೆ, ಒಗಟು ಕೇಳಿಯೇ ತೀರುತ್ತೇನೆಂಬ ಮಗಳು ಚಂದಲಾದೇವಿಯ ಹಟ ತಾನಾಗಿ ಇಳಿಯುತ್ತದೆಂದು ಅವನು ಎಣಿಸಿದ್ದ.

ಹಟಕ್ಕೆ ಕಾರಣವಿತ್ತು. ಬೆಳಗಲ್ಲಿನ ಗುಡ್ಡದಲ್ಲಿ ಕತ್ತಲಲ್ಲೂ ಹೊಳೆಯುವ ಕಲ್ಲು ಸಿಗುತ್ತಿತ್ತು. ದೊರೆ ಅದನ್ನು ಅಲ್ಲೇ ಮನೆ ಕಟ್ಟಿ ತುಂಬಿಸಿಟ್ಟಿದ್ದ. ಆ ಮನೆ ಒಂದು ದಿನ ಸಿಡಿದು, ಕಲ್ಲಿನ ಪುಡಿ ಹೊಲ, ಕೆರೆಗಳ ಮೇಲೆಲ್ಲ ಬಿತ್ತು. ದಂಡಿನವರು ಹೋಗಿ ನೆಲ ಕೆರೆದು, ಮಣ್ಣನ್ನು ಆಳದ ಗುಂಡಿಗೆ ತಳ್ಳಿ ಬಂದರು. ಒಬ್ಬೊಬ್ಬನ ಕೊರಳಿಗೂ ಬಿಳಿ ಮಣಿಯೊಂದನ್ನು ಕಟ್ಟಿದ್ದರು. ಕಲ್ಲಿನ ಬೆಳಕು ತಾಕಿದಷ್ಟೂ ಮಣಿ ಕಪ್ಪಾಗುತ್ತಿತ್ತು. ಮಣಿ ಪೂರ್ತಿ ಕಪ್ಪಾದವನನ್ನು ಮನೆಗೆ ಕಳಿಸಬೇಕೆಂಬುದು ಕಟ್ಟಳೆ.

ವರ್ಷಗಳು ಉರುಳಿದ ಮೇಲೆ ಆ ದಂಡಿನವರು ಬಾಡತೊಡಗಿದರು. ಒಬ್ಬನಿಗೆ ಗಂಟಲಲ್ಲಿ ಗಡ್ಡೆ, ಇನ್ನೊಬ್ಬನಿಗೆ ನಿಲ್ಲದ ರಕ್ತ. ಚಂದಲೆ ಊರೂರು ತಿರುಗಿ ಅವರ ಮೈ ನೋಡಿದಳು, ಮಾತು ಕೇಳಿದಳು, ಮಣಿಗಳನ್ನು ತರಿಸಿ ಬಿಸಿಲಿಗೆ ಹಿಡಿದಳು. ಮಣಿ ಕಪ್ಪಾದವರಿಗೆ ಮಾತ್ರ ಅರಮನೆಯ ಆರೈಕೆಮನೆಯಲ್ಲಿ ಜಾಗ ಎಂದು ನಿಯಮ ಮಾಡಿದವಳೂ ಅವಳೇ. ಆದರೆ ಹೆಚ್ಚಿನ ಮಣಿಗಳು ಬೆಳ್ಳಗಿದ್ದವು. ಬಿಳಿ ಮಣಿಯವರೂ ಸಾಯುತ್ತಿದ್ದರು. ಅದೇ ಅವಳ ನಿದ್ದೆ ಕೆಡಿಸಿತ್ತು.

ಮೊದಲ ಒಗಟಿನ ಉತ್ತರ ಅವಳಿಗೆ ಗೊತ್ತಿತ್ತು. ಎರಡನೆಯದು ಅವಳಿಗೇ ತಿಳಿಯದು; ಉತ್ತರ ಬಂದರೆ ದಂಡಿನವರನ್ನೇ ಕೇಳಿ ಒರೆ ಹಚ್ಚಬೇಕೆಂದಿದ್ದಳು. ಮೂರನೆಯದನ್ನು ದೊರೆ ತಾನೇ ಕೇಳುತ್ತೇನೆಂದ.

ಹೆಬ್ಬಾಗಿಲ ಒಳಗೆ ಸೇರಿದ ಸಭೆಗೆ ಮೊದಲು ಬಂದವನು ದಂಡನಾಯಕನ ಮಗ ಜಯಕೀರ್ತಿ. ಚಂದಲೆ ಕೇಳಿದಳು: "ಬೆಂಕಿಯಲ್ಲ, ಸುಡುತ್ತದೆ. ಹೊಗೆಯಿಲ್ಲ, ವಾಸನೆಯಿಲ್ಲ. ಸುಟ್ಟುಕೊಂಡವನು ನಗುತ್ತ ಮನೆಗೆ ಹೋಗಿ ಉಂಡು ಮಲಗುತ್ತಾನೆ. ಉರಿ ಏಳುವುದು ವರ್ಷಗಳಾದ ಮೇಲೆ. ಏನದು?"

"ಪ್ರೇಮ!" ಎಂದು ಅವನು ಮೀಸೆ ತಿರುವಿದ. ಕಾವಲಿನವರು ಎಳೆದೊಯ್ದು, ತಲೆ ಕಡಿಯುವ ದಿನದವರೆಗೆ ಸೆರೆಗೆ ಹಾಕಿದರು.

ಎರಡನೆಯವನು ಆಸ್ಥಾನ ವೈದ್ಯನ ಮಗ ವಾಮದೇವ. "ಗುಡ್ಡದ ಕಲ್ಲಿನ ಬೆಳಕು" ಎಂದು ಮೊದಲನೆಯದನ್ನು ಗೆದ್ದ. ಚಂದಲೆ ಎರಡನೆಯದನ್ನು ಕೇಳಿದಳು:

"ದಂಡಿನ ಜೊತೆ ಹೋದ ಒಂದು ಸಾಕ್ಷಿ. ಅದಕ್ಕೆ ಸುಳ್ಳು ಬಾರದು. 'ಏನೂ ಆಗಿಲ್ಲ' ಎನ್ನುತ್ತದೆ. ಜನ ಮಾತ್ರ ಸಾಯುತ್ತಾರೆ. ಯಾವುದದು? ಹಾಗೇಕೆ ಹೇಳುತ್ತದೆ?"

"ಮಣಿ. ಏನೂ ಆಗದ್ದಕ್ಕೇ ಹಾಗೆ ಹೇಳುತ್ತದೆ. ಅವರು ಸಾಯುವುದು ಹೆಂಡ ಕುಡಿದು."

ಆರೈಕೆಮನೆಯಲ್ಲಿ ಜಾಗ ಸಿಗದೆ ಕೋಟೆಯ ಹೊರಗೆ ಕೂತ ಮುದಿ ದಂಡಿನವರಲ್ಲೊಬ್ಬ ಹೆಬ್ಬಾಗಿಲ ಸಂದಿಯಿಂದ ಕೂಗಿದ: "ಹೆಂಡ ಕುಡಿಸಿದೋರು ಯಾರಪ್ಪಾ? ನಿಮ್ಮಪ್ಪನಾ?"

ಹೆಂಡ ಮುಟ್ಟದವರ ಹೆಣಗಳನ್ನೂ ಚಂದಲೆ ಕಂಡಿದ್ದಳು. ತಲೆ ಅಲ್ಲಾಡಿಸಿದಳು. ವಾಮದೇವನೂ ಸೆರೆಗೆ ಹೋದ.

ಆಮೇಲೆ ಬಂದವನು ಕುರಿ ಕಾಯುವ ಮಾಳಿಂಗ. ಅವನ ಅಪ್ಪ ಬರಮಪ್ಪ ಹೆಬ್ಬಾಗಿಲ ಹೊರಗೆ ಗಾಡಿಯಲ್ಲಿ ಜ್ವರದಿಂದ ಬೇಯುತ್ತಿದ್ದ. ಅವನ ಮಣಿ ಬಿಳಿಯೆಂದು ಕಾವಲಿನವನು ಆರೈಕೆಮನೆಗೆ ಬಿಟ್ಟಿರಲಿಲ್ಲ.

"ಕುರಿ ಮಾರೋದು ಬಿಟ್ಟು ತಲೆ ಮಾರೋಕೆ ಬಂದ್ಯಾ?" ಎಂದ ಕಾವಲಿನವನು.

"ತಲೆ ಹೋದ್ರೆ ಕಂಬಳಿ ನೀನೇ ಇಟ್ಕೊ, ಅಣ್ಣ."

ಮೊದಲ ಒಗಟಿಗೆ ಅವನು ಗುಡ್ಡದ ಕಡೆ ಕೈ ತೋರಿದ. ಎರಡನೆಯದಕ್ಕೆ ಹೆಬ್ಬಾಗಿಲ ಕಡೆ ತಿರುಗಿ ನೋಡಿ ಹೇಳಿದ:

"ಮಣಿ ಸುಳ್ಳು ಹೇಳಿಲ್ಲ, ತಾಯಿ. ಕಂಡದ್ದನ್ನೇ ಹೇಳಿದೆ. ಅದು ಕಂಡದ್ದು ಡೇರೆಯ ಒಳಗನ್ನ. ನಮ್ಮಪ್ಪ ಬೆಳಿಗ್ಗೆ ಅದನ್ನ ಬಿಚ್ಚಿ ಗೂಟಕ್ಕೆ ನೇತುಹಾಕಿ ಗುಡ್ಡಕ್ಕೆ ಹೋಗ್ತಿದ್ದ. ಸಂಜೆ ಬಂದು ಮತ್ತೆ ಕಟ್ಕೊಂಡು ಸರದಾರನ ಮುಂದೆ ನಿಲ್ತಿದ್ದ."

ಚಂದಲೆ ಸಭೆ ಬಿಟ್ಟು ಎದ್ದಳು. ಓಡಿಹೋಗಿ ಕೋಟೆಗೋಡೆ ಹತ್ತಿ ಕೆಳಗೆ ಕೂಗಿದಳು: "ಮಣಿ ಬಿಚ್ಚಿಟ್ಟು ಹೋದವರು ಯಾರಾದರೂ ಇದ್ದೀರಾ? ಶಿಕ್ಷೆ ಇಲ್ಲ, ಹೇಳಿ!"

ಮೊದಲು ಒಂದು ಕೈ ಎದ್ದಿತು. ಅದರ ಪಕ್ಕದ್ದು ಎದ್ದಿತು. ಕೈ ಎತ್ತಲಾಗದವನ ಕೈಯನ್ನು ಅವನ ಹೆಂಡತಿ ಎತ್ತಿ ಹಿಡಿದಳು. ಆ ಮುಖಗಳು ಅವಳಿಗೆ ಪರಿಚಯದವು. ಇವರ ಮಣಿಗಳನ್ನೇ ಅವಳು ಬಿಸಿಲಿಗೆ ಹಿಡಿದು, 'ನಿನಗೇನೂ ಆಗಿಲ್ಲ, ಮನೆಗೆ ಹೋಗು' ಎಂದು ಕಳಿಸಿದ್ದಳು. ಹೋಗಿ ಸತ್ತವರ ಹೆಸರುಗಳೂ ನೆನಪಾದವು.

ಅವಳು ಕೆಳಗಿಳಿದು ಬಂದಾಗ ದೊರೆ ಸಿಟ್ಟಿನಿಂದ ಎದ್ದು ನಿಂತಿದ್ದ. "ಇರಲಿ. ಮೂರನೆಯದು ಕೇಳು. ಉರಿ ಕಂಡರೂ ಓಡಲಿಲ್ಲ. ಮನೆಗೆ ಹೋಗುವ ದಾರಿ ತೆರೆದಿದ್ದರೂ ತಾನೇ ಮುಚ್ಚಿಕೊಂಡ. ಅಂಥ ಮೂರ್ಖ ಯಾರು, ಯಾಕೆ?"

"ಅಂಥವನು ಅಪ್ಪ, ದೊರೆಗಳೇ" ಎಂದ ಮಾಳಿಂಗ. "ನಮ್ಮಪ್ಪ ಒಬ್ಬನೇ ಅಲ್ಲ, ಮಕ್ಕಳಿದ್ದ ಎಲ್ಲಾ ಅಪ್ಪಂದಿರೂ. ಮಣಿ ಕಪ್ಪಾಗಿ ಒಬ್ಬ ಮನೆಗೆ ಹೋದರೆ, ಅವನ ಜಾಗಕ್ಕೆ ಅದೇ ಮನೆಯ ಇನ್ನೊಬ್ಬ ಗಂಡಸು ಬರಬೇಕು ಅಂತ ನಿಮ್ಮ ಅಪ್ಪಣೆ ಇತ್ತು. ನಮ್ಮನೇಲಿ ಇನ್ನೊಬ್ಬ ಅಂದ್ರೆ ನಾನು. ಅಪ್ಪ ಎಂದೂ ಬಾಯಿ ಬಿಡಲಿಲ್ಲ. ಮೊನ್ನೆ ಜ್ವರದಲ್ಲಿ ಕನವರಿಸಿದ, ಆಗ ಗೊತ್ತಾಯ್ತು."

ತಾನು ಕೊಟ್ಟ ಅಪ್ಪಣೆ ದೊರೆಗೆ ಮರೆತೇಹೋಗಿತ್ತು. ಈಗ ನೆನಪಾಗಿ, ಸಿಂಹಾಸನ ಎಲ್ಲಿದೆಯೆಂದು ಕೈಯಿಂದ ತಡಕಿ ಕುಸಿದು ಕೂತ.

"ಕೇಳು" ಎಂದ. "ಏನು ವರ?"

"ಮಣಿ ನೋಡದೆ ಎಲ್ಲರನ್ನೂ ಒಳಗೆ ಬಿಡ್ರಿ. ಅರ್ಧ ರಾಜ್ಯನೂ ಬೇಕು, ಬಿಡೋದಿಲ್ಲ. ಗುಡ್ಡ ಇರೋ ಕಡೆಯ ಅರ್ಧ. ಅಲ್ಲಿಗೆ ಇನ್ನು ಯಾರನ್ನೂ ಕಳಿಸೋ ಹಾಗಿಲ್ಲ."

ದೊರೆ ತಲೆಯಾಡಿಸಿದ. ಸೆರೆಯಲ್ಲಿದ್ದ ಇಬ್ಬರನ್ನೂ ಬಿಡಿಸಿರೆಂದು ಹೇಳಿ, ಚಂದಲೆ ತಾನೇ ಹೋಗಿ ಹೆಬ್ಬಾಗಿಲ ಅಗುಳಿ ತೆಗೆದಳು. ಎತ್ತುಗಳ ಹಗ್ಗ ಹಿಡಿದು ಮೊದಲ ಗಾಡಿಯನ್ನು ಒಳಗೆ ನಡೆಸಿದಳು. ಅರಮನೆಯ ಅಂಗಳದಲ್ಲಿ ಬರಮಪ್ಪ ಕಣ್ಣು ಬಿಟ್ಟ. ಸುತ್ತ ದಂಡಿನವರು, ಅವರ ನಡುವೆ ತನ್ನ ಮಗ. ಜ್ವರದ ಕಣ್ಣಿಗೆ ಅದು ಗುಡ್ಡದ ಡೇರೆಯಂತೆಯೇ ಕಂಡಿತು.

"ನೀನ್ಯಾಕೋ ಬಂದೆ ಇಲ್ಲಿಗೆ?" ಎಂದು ಗದರಿದ. "ನಾನಿನ್ನೂ ಇದ್ದೀನಲ್ಲೋ!"