ಬೆಟ್ಟ ಕಾರು ಕಲಿತದ್ದು, ಅವ್ವನ ಬೋನಸ್ ಉಳಿದದ್ದು

ಬಾಯಲ್ಲಿ ಎಲೆಅಡಿಕೆ ಇದ್ರೆ ಉಗಿದು ಬಂದು ಕೂತ್ಕೊಳಿ. ಆಮೇಲೆ ಗಾಬರೀಲಿ ಗಂಟಲಿಗೆ ಸಿಕ್ತು ಅಂತ ನನ್ನ ಬಯ್ಬೇಡಿ.

ಮದ್ದೂರಿನಲ್ಲಿ ಚಿಕ್ಕತಾಯಮ್ಮ ಅಂತ ಒಬ್ಬಳಿದ್ದಳು. ಅವಳಿಗೊಂದು ಕಾರು, ಒಬ್ಬ ಮಗ. ಕಾರು ಹೇಳಿದಂಗೆ ಕೇಳ್ತಿತ್ತು. ಮಗ ಬೆಟ್ಟಸ್ವಾಮೀನೂ ಹೇಳಿದಂಗೇ ಕೇಳ್ತಿದ್ದ. ಬಂದಿದ್ದ ಕಷ್ಟವೇ ಅದು! "ಬಾಗಿಲು ನೋಡ್ಕೋ" ಅಂದ್ರೆ ಬಾಗಿಲನ್ನೇ ನೋಡ್ತಾ ಕೂರೋನು. ಹಸು ಒಳಕ್ಕೆ ಬಂದು ಹಿಟ್ಟು ಮೇಯ್ತಿದ್ರೂ ಕಣ್ಣು ಬಾಗಿಲ ಮೇಲೇ.

"ಅಯ್ಯೋ ನನ್ ಹಣೆಬರಾವೇ! ತಲೇಲಿ ಏನ್ಲಾ ಇಟ್ಕೊಂಡಿದ್ದೀಯ?"

"ಎಣ್ಣೆ ಕಣವ್ವ. ಬೆಳಗ್ಗೆ ನೀನೇ ತಾನೆ ಇಟ್ಟೆ?"

ಚಿಕ್ಕತಾಯಮ್ಮ ಕೋಡುಬಳೆ, ಚಕ್ಲಿ ಕರಿದು, ತಾನೇ ಕಾರು ಓಡಿಸ್ಕೊಂಡು ಅಂಗಡಿ ಅಂಗಡಿಗೆ ಹಾಕೋಳು. ಇಷ್ಟು ವರ್ಷ ಕಾರಿಗೆ ಒಂದು ಗೀರು ಬಿದ್ದಿರಲಿಲ್ಲ. ವಿಮೆ ಕಂಪನಿ ಹತ್ರ ಒಂದು ಸಲಾನೂ ಪರಿಹಾರ ಕೇಳಿರಲಿಲ್ಲ. ಹಂಗೆ ಕ್ಲೇಮ್ ಮಾಡದೆ ಇರೋರಿಗೆ ಕಂಪನಿಯೋರು ವರ್ಷ ವರ್ಷ ಕಂತು ಇಳಿಸ್ತಾರಲ್ಲ, ನೋ ಕ್ಲೇಮ್ ಬೋನಸ್ಸು, ಅದರಿಂದ ಇವಳ ಕಂತು ಇಳಿದೂ ಇಳಿದೂ ಅರ್ಧಕ್ಕೆ ಬಂದು ನಿಂತಿತ್ತು. ಮನೆಗೆ ಬಂದೋರಿಗೆಲ್ಲ ಅದನ್ನೇ ಹೇಳೋಳು.

ಈಗ ಅವಳ ಮಂಡಿ ಕೈಕೊಡ್ತು. ಕ್ಲಚ್ ಒತ್ತಕ್ಕಾಗಲ್ಲ. ಮಗ ಕಲೀಬೇಕು, ಇಲ್ಲಾ ಬಾಂಡಲಿ ಇಳಿಸ್ಬೇಕು. ವಿಮೆ ಏಜೆಂಟ್ ಶಿವನಂಜಪ್ಪನ್ನ ಕೇಳಿದಳು: "ಇವನು ಕಲಿತಾನೆ ಅಂದ್ರೆ ನನ್ ಬೋನಸ್ ಹೋಗ್ತದಾ?"

"ಕಲಿಯೋದ್ರಿಂದ ಹೋಗಲ್ಲ ತಾಯಿ. ಎಲ್ ಬೋರ್ಡ್ ಇರ್ಲಿ, ಪಕ್ಕದಲ್ಲಿ ಲೈಸೆನ್ಸ್ ಇರೋರು ಕೂತಿರ್ಲಿ. ಆದ್ರೆ ಎಲ್ಲಾದ್ರೂ ಗುದ್ದಿ ನೀವು ಕ್ಲೇಮ್ ಹಾಕಿದ್ರೋ, ಅಷ್ಟು ವರ್ಷದ್ದು ಒಂದೇ ಏಟಿಗೆ ಸೊನ್ನೆ!"

"ಒಂದೇ ಏಟಿಗಾ!" ಚಿಕ್ಕತಾಯಮ್ಮ ಮಗನ ಕಡೆ ತಿರುಗಿದಳು. "ಕೇಳಿದ್ಯೇನ್ಲಾ ಬೆಟ್ಟ? ಪಕ್ಕದಲ್ಲಿ ಲೈಸೆನ್ಸ್ ಇರೋರನ್ನ ಕೂರಿಸ್ಕೊಳ್ದೆ ಗಾಡಿ ಮುಟ್ಟಬೇಡ!"

"ಆಯ್ತು ಕಣವ್ವ!"

ಮಾರನೇ ದಿನ ಬೀದೀಲಿ ದಡದಡ ಅಂಗಡಿ ಬಾಗಿಲು ಎಳೆಯೋ ಸದ್ದು. "ದರೋಡೆ! ದರೋಡೆ!" ಚಿಕ್ಕತಾಯಮ್ಮ ಓಡಿ ಬಂದು ನೋಡ್ತಾಳೆ, ತನ್ನದೇ ಕಾರು ಕುಪ್ಪಳಿಸ್ಕೊಂಡು ಬರ್ತಾ ಇದೆ! ಕಿಟಕಿಯಿಂದ ಉದ್ದಕ್ಕೆ ಬಂದೂಕು ಆಚೆ ಬಂದಿದೆ! ಬೆಟ್ಟನ ಪಕ್ಕದಲ್ಲಿ ಮುದುಕ ಮಾಯಿಗೌಡ, ಕಣ್ಣು ಮುಚ್ಕೊಂಡು ಶಿವಶಿವ ಅಂತವ್ನೆ!

"ಅಯ್ಯಯ್ಯೋ! ಏನ್ಲಾ ಇದು?"

"ಊರಲ್ಲಿ ಲೈಸೆನ್ಸ್ ಯಾರಿಗದೆ ಅಂತ ಕೇಳ್ದೆ. ಮಾಯಿಗೌಡ್ರ ಬಂದೂಕಿಗದೆ ಅಂದ್ರು!"

"ಗಾಡಿ ಓಡಿಸೋ ಲೈಸೆನ್ಸು ಕಣೋ ಮುಂಡೇದೇ! ನಿನ್ನ ಅಣ್ಣಯ್ಯ ಮಾವನ್ನ ಕಳಿಸ್ತೀನಿ. ನೀನು ಯೋಚನೆ ಮಾಡ್ಲೇಬೇಡ. ಪಕ್ಕದಲ್ಲಿ ಕೂತೋನು ಏನಂತಾನೋ ಅದನ್ನೇ ಮಾಡು!"

"ಆಯ್ತು ಕಣವ್ವ!"

ಅಣ್ಣಯ್ಯ ಅವಳ ತಮ್ಮ, ಲಾರಿ ಡ್ರೈವರ್ರು. "ಗೇರು ಹಾಕು" ಅಂದ, ಹಾಕ್ದ. "ಎಡಕ್ಕೆ" ಅಂದ, ಎಡಕ್ಕೆ ತಿರುಗಿಸ್ದ. ಚಿನ್ನದಂಗೆ ಹೋಗ್ತಿತ್ತು. ಅಷ್ಟರಲ್ಲಿ ಮಾವನ ಮೊಬೈಲು ಬಡ್ಕೊಂತು. ಅವನ ಹೆಂಡತಿ, ಒಲೆ ಮೇಲೆ ಹಾಲಿಟ್ಟು ಹಿತ್ತಲಲ್ಲಿ ನಿಂತು ಮಾತಾಡ್ತವ್ಳೆ. ಮಾವ ಫೋನಿಗೆ ಅರಚಿದ: "ಹಾಲು ಉಕ್ತಾ ಇರ್ತದೆ, ಮೊದ್ಲು ಮನೆ ಒಳಕ್ಕೆ ನುಗ್ಗೇ!"

ಬೆಟ್ಟ ನುಗ್ಗಿಸಿಯೇಬಿಟ್ಟ! ಯಾರ ಮನೆಯೋ ಏನೋ! ಗೇಟು ಹಾರ್ತು, ನೀರಿನ ಡ್ರಮ್ಮು ಉರುಳ್ತು, ಒಣಗಾಕಿದ್ದ ಸೀರೆ ಕಾರಿಗೆ ಸುತ್ಕೊಂತು. ಜಗುಲೀಲಿ ತಲೆ ಬಾಚ್ತಿದ್ದ ಅಜ್ಜಿ ಬಾಚಣಿಗೆ ಹಿಡ್ಕೊಂಡಂಗೇ ಕಲ್ಲಾಗಿಹೋದ್ಲು. ಬೆಟ್ಟ ಕೆಳಗಿಳಿದು ಕೇಳ್ತಾನೆ: "ಅಜ್ಜಿ, ಹಾಲು ಎಲ್ಲಿ ಉಕ್ತಾ ಅದೆ?"

ಚಿಕ್ಕತಾಯಮ್ಮ ಕುಂಟ್ಕೊಂಡು ಬಂದು ತಲೆ ಚಚ್ಕೊಂಡ್ಲು. ನಗ್ಗಿದ ಬಂಪರ್ ನೋಡಿ ಕಣ್ಣಲ್ಲಿ ನೀರು ಬಂತು.

"ಇಷ್ಟಕ್ಕೆ ಕ್ಲೇಮ್ ಹಾಕಿದ್ರೆ ಬೋನಸ್ ಹೋಗ್ತದಲ್ಲೋ! ಇನ್ಮೇಲೆ ಏನೇ ಆದ್ರೂ ಯಾರತ್ರಾನೂ ಕ್ಲೇಮ್ ಅನ್ನಬೇಡ. 'ನಮಗೇನೂ ಬೇಡ' ಅನ್ನು. ನಮ್ಮ ಕೈಯಿಂದಾನೇ ಹಾಕ್ಬೇಕು, ತಿಳೀತಾ?"

"ಆಯ್ತು ಕಣವ್ವ!"

ವಾರ ಆಗಿತ್ತೋ ಇಲ್ವೋ, ನಿಂತಿದ್ದ ಕಾರಿಗೆ ಹಾಲಿನ ಟ್ಯಾಂಕರ್ ಹಿಂದಕ್ಕೆ ಬಂದು ಗುದ್ದಿತು. ಡಿಕ್ಕಿ ಅಪ್ಪಚ್ಚಿ! ಟ್ಯಾಂಕರ್ ಯಜಮಾನ ಒಳ್ಳೆಯೋನು. ಬೆಟ್ಟನಿಗೆ ಕೈ ಮುಗಿದ. "ತಪ್ಪು ನಮ್ದೇ ಕಣಪ್ಪ. ರಿಪೇರಿ ಮಾಡಿಸ್ಕೊಡ್ತೀವಿ."

"ನಮಗೇನೂ ಬೇಡ!"

"ಹಂಗಲ್ಲಪ್ಪ, ನಮ್ಮ ವಿಮೇಲೇ..."

"ನಮಗೇನೂ ಬೇಡ! ನಮ್ಮ ಕೈಯಿಂದಾನೇ ಹಾಕ್ತೀವಿ!" ಅಂದೋನೇ ಬೆಟ್ಟ ಬೆರಳಲ್ಲಿದ್ದ ಚಿನ್ನದುಂಗುರ ಕಿತ್ತು, ಯಜಮಾನನ ಬೆರಳಿಗೆ ಹಾಕಿಯೇಬಿಟ್ಟ! ಆ ಮನುಷ್ಯ ತನ್ನ ಕೈ ನೋಡ್ಕೊಂಡು ಬೆವತುಹೋದ. ಉಂಗುರ ಹಿಡ್ಕೊಂಡು ನೇರ ಚಿಕ್ಕತಾಯಮ್ಮನ ಹತ್ರಕ್ಕೆ ಓಡಿ ಬಂದ, ಕಾರನ್ನೂ ನೆಟ್ಟಗೆ ಮಾಡಿಸ್ಕೊಟ್ಟ.

"ಅಯ್ಯೋ ಪಾಪಿ! ಗುದ್ದಿದೋನಿಗೇ ಉಂಗುರ ತೊಡಿಸ್ತಾರೇನೋ! ಇನ್ಮೇಲೆ ಯಾರಾದ್ರೂ ನಮ್ಮ ಗಾಡಿ ಮುಟ್ಟಿದ್ರೆ ಬಿಡಬೇಡ. ಕೈ ಹಿಡ್ಕೊಂಡು 'ತಪ್ಪು ನಿಂದೇ' ಅಂತ ಕೂಗು!"

"ಆಯ್ತು ಕಣವ್ವ!"

ಲೈಸೆನ್ಸ್ ಪರೀಕ್ಷೆ ದಿನ ಬಂತು. ಖಾಕಿ ತೊಟ್ಟ ಇನ್‌ಸ್ಪೆಕ್ಟರ್ರು ಬಂದ್ರು, ಕಾರಿನ ಬಾಗಿಲಿಗೆ ಕೈ ಹಾಕಿದ್ರು. ಬೆಟ್ಟ ಚಂಗನೆ ಹಾರಿ ಆ ಕೈ ಹಿಡ್ಕೊಂಡ: "ತಪ್ಪು ನಿಂದೇ! ತಪ್ಪು ನಿಂದೇ!"

ಸಾಲಲ್ಲಿ ನಿಂತಿದ್ದೋರೆಲ್ಲ ಬಾಯಿ ಮೇಲೆ ಕೈ ಇಟ್ಕೊಂಡ್ರು. ಇನ್‌ಸ್ಪೆಕ್ಟರ್ ಮುಖ ಬಿಳುಚ್ಕೊಂತು, ಆಮೇಲೆ ಕೆಂಪಾಯ್ತು. ಚಿಕ್ಕತಾಯಮ್ಮ ಕಾಲಿಗೆ ಬೀಳೋದೊಂದು ಬಾಕಿ. "ಸ್ವಾಮಿ, ನಾನೇ ಹೇಳ್ಕೊಟ್ಟಿದ್ದು! ಇವನಿಗೆ ಹೇಳಿದಷ್ಟೇ ಗೊತ್ತು!"

"ಹಂಗೋ? ಹತ್ತಲೇ. ನಾನು ಹೇಳಿದಷ್ಟೇ ಮಾಡು!"

ಮಾಡ್ದ! "ನಿಲ್ಲಿಸು" ಅಂದ ಕಡೆ ನಿಂತ, "ಎಂಟು ಹಾಕು" ಅಂದ್ರೆ ಎಂಟು ಹಾಕ್ದ, ಒಂದು ಕಂಬ ಅಲುಗಲಿಲ್ಲ. ಇನ್‌ಸ್ಪೆಕ್ಟರ್ ಇಳಿದು ಕಣ್ಣು ಬಾಯಿ ಬಿಟ್ಕೊಂಡು ನಿಂತ್ರು. "ಹೇಳಿದ್ದನ್ನ ಹೇಳಿದಂಗೆ ಮಾಡೋ ಗಂಡಸನ್ನ ಇವತ್ತೇ ನೋಡ್ದೆ. ಪಾಸು!"

ಆ ಸುಖ ಕೇಳ್ಬೇಡಿ! ಅದೇ ದಿನ ಶಿವನಂಜಪ್ಪ ಹೊಸ ವಿಮೆ ಕಾಗದ ತಂದ. "ಬೋನಸ್ ಹಂಗೇ ಅದೆ ತಾಯಿ. ಇನ್ನೊಂದ್ ಮಾತು, ಬೋನಸ್ ಗಾಡಿಗಲ್ಲ, ನಿಮಗೆ. ಗಾಡಿ ಮಾರಿದ್ರೂ ಅದು ನಿಮ್ಮ ಹೆಸರಲ್ಲೇ ಉಳೀತದೆ."

ಚಿಕ್ಕತಾಯಮ್ಮ ಕಾಗದ, ಬೀಗದ ಕೈ ಎರಡನ್ನೂ ಮಗನ ಕೈಗಿಟ್ಲು, ತುಂಬಿದ ಬುಟ್ಟಿ ಹಿಂದೆ ಇಟ್ಲು. "ಜೋಪಾನ ಕಂದ. ಗಾಡಿ ಹೋದ್ರೂ ಹೋಗ್ಲಿ, ಬೋನಸ್ ಹೋಗ್ಬಾರ್ದು!"

"ಆಯ್ತು ಕಣವ್ವ!"

ಮಧ್ಯಾಹ್ನ ಬೆಟ್ಟ ನಡ್ಕೊಂಡು ಬಂದ.

"ಗಾಡಿ ಎಲ್ಲೋ?"

"ಹೋಯ್ತು ಕಣವ್ವ."

"ಎಲ್ಲಿಗೋ?"

"ಕೆರೆಗೆ! ಏರಿ ಮೇಲೆ ಎದುರಿಗೊಂದು ಎಮ್ಮೆ ಬಂತು. ಗುದ್ದಿದ್ರೆ ಬೋನಸ್ ಹೋಗ್ತಿತ್ತಲ್ಲ! ನಿಲ್ಲಿಸ್ದೆ, ಇಳಿದೆ, ಹ್ಯಾಂಡ್‌ಬ್ರೇಕ್ ಬಿಟ್ಟೆ, ಹೋಗ್ಲಿ ಅಂದೆ. ಇಳಿಜಾರಲ್ಲಿ ಹೋಯ್ತು!"

ಚಿಕ್ಕತಾಯಮ್ಮ ಮಂಡಿ ಮರೆತು ಓಡಿದಳು. ಊರಿಗೂರೇ ಹಿಂದೆ ಓಡ್ತು. ನೋಡಿದ್ರೆ, ನೀರ ಮೇಲೆ ಕಾರಿನ ತಲೆ ಅಂಗೈಯಗಲ! ಸುತ್ತ ಕೋಡುಬಳೆ ತೇಲ್ತಾ ಅವೆ, ಮೀನು ಕಚ್ಕೊಂಡು ಓಡಾಡ್ತಾ ಅವೆ! ಅವಳು ಅಲ್ಲೇ ಏರಿ ಮೇಲೆ ಕುಕ್ಕರಿಸಿಬಿಟ್ಟಳು.

ಬೆಟ್ಟ ಪಕ್ಕದಲ್ಲಿ ಕೂತು, ಅಂಗಿ ಒಳಗಿಂದ ವಿಮೆ ಕಾಗದ ತೆಗೆದು, ಬಿಡಿಸಿ ತೋರಿಸ್ದ.

"ಹೆದರ್ಕೋಬೇಡ ಕಣವ್ವ! ನೋಡು, ಬೋನಸ್ ಒಂಚೂರೂ ನೆಂದಿಲ್ಲ!"